ಕೆಂಬಾಲಕ್ಕೆ ಗುಟುಕು ಕೊಟ್ಟವರು

ಟನುಂಡ, ದಕ್ಷಿಣ ಆಸ್ಟ್ರೇಲಿಯಾ
11 ಮಾರ್ಚ್ 1974

ಶ್ರೀಮತಿ ಎನಿಡ್ ಟ್ರೆಂಬಾತ್ ಅವರಿಗೆ,

ನಾವು ಭೇಟಿಯಾಗಿಲ್ಲ. ನಿಮ್ಮ ಯಜಮಾನರು ರಾಯ್ ಅವರನ್ನು ಒಮ್ಮೆ ಹಕ್ಕಿ ಸಾಕುವವರ ಸಂಘದ ಪ್ರದರ್ಶನದಲ್ಲಿ ಕಂಡಿದ್ದೆ. ಅವರು ತೀರಿಕೊಂಡ ಮೇಲೂ ನೀವು ಅವರ ಕೆಂಬಾಲದ ಫಿಂಚು ಹಕ್ಕಿಗಳನ್ನು ಬಿಟ್ಟುಕೊಟ್ಟಿಲ್ಲ, ಈ ಸಲ ಎರಡು ಮರಿ ದಕ್ಕಿವೆ ಎಂದು ಸಂಘದ ಪತ್ರಿಕೆಯಲ್ಲಿ ಓದಿ ಇದನ್ನು ಬರೆಯುತ್ತಿದ್ದೇನೆ.

ಜನವರಿಯ ಬಿಸಿಗಾಳಿಗೆ ನನ್ನ ಹಳೆಯ ಜೋಡಿ ಒಂದೇ ಮಧ್ಯಾಹ್ನ ಸತ್ತಿತು. ನೆರಳಿನಲ್ಲೇ ನಲವತ್ತನಾಲ್ಕು ಡಿಗ್ರಿ. ಹಕ್ಕಿಮನೆಯ ಸುತ್ತ ಒದ್ದೆ ಗೋಣಿ ಕಟ್ಟಿದ್ದೆ, ಸಾಲಲಿಲ್ಲ. ಉಳಿದದ್ದು ಅವುಗಳ ಒಂದು ಮರಿ, ಗಂಡು. ಇಪ್ಪತ್ತೆರಡು ವರ್ಷ ನಾನು ಉಳಿಸಿಕೊಂಡು ಬಂದ ಸಂತತಿಯಲ್ಲಿ ಇನ್ನು ಇರುವುದು ಇದೊಂದೇ. ಕಾಡಿನಲ್ಲಿ ಹಿಡಿಯಲು ಈಗ ಪರವಾನಗಿ ಕೊಡುವುದಿಲ್ಲ, ಕೊಡಲೂಬಾರದು. ಬೇರೆ ರಕ್ತದ ಹೆಣ್ಣೊಂದು ಸಿಗದಿದ್ದರೆ ಈ ಹಕ್ಕಿಯೊಂದಿಗೆ ಎಲ್ಲ ಮುಗಿಯಿತು. ನಿಮ್ಮ ಎರಡು ಮರಿಗಳಲ್ಲಿ ಹೆಣ್ಣಿದ್ದರೆ ಒಂದನ್ನು ಕೊಡುವಿರಾ? ಮುಂದೆ ಹುಟ್ಟುವ ಮರಿಗಳಲ್ಲಿ ಅರ್ಧ ನಿಮ್ಮವು.

ಒಂದು ಷರತ್ತು. ಹೆತ್ತ ಜೋಡಿಯೇ ಗುಟುಕು ಕೊಟ್ಟು ಬೆಳೆಸಿದ ಮರಿ ಬೇಕು. ಈಚೆಗೆ ಕೆಲವರು ಮೊಟ್ಟೆಗಳನ್ನೆತ್ತಿ ಬೆಂಗಲೀಸ್ ಫಿಂಚುಗಳ ಕೆಳಗೆ ಇಡುತ್ತಾರೆ. ಆ ಸಾಕುಹಕ್ಕಿಗಳು ಪಾಪ, ಗೋಲಿ ಇಟ್ಟರೂ ಕಾವು ಕೊಡುತ್ತವೆ. ಮರಿ ಆಗುತ್ತದೆ, ಬೆಳೆಯುತ್ತದೆ, ಪ್ರದರ್ಶನದಲ್ಲಿ ಬಹುಮಾನವನ್ನೂ ಗೆಲ್ಲುತ್ತದೆ. ಆದರೆ ಕಣ್ಣು ಬಿಟ್ಟಾಗ ಕಂಡ ಮುಖವನ್ನೇ ತನ್ನ ಕುಲ ಎಂದುಕೊಂಡಿರುತ್ತದೆ. ಸ್ವಂತ ಜಾತಿಯೊಂದಿಗೆ ಕೂಡುವುದಿಲ್ಲ. ಅಂಥ ಹಕ್ಕಿ ನನಗೆ ಬೇಡ. ನಿಮ್ಮ ಮರಿಗಳಿಗೆ ಗುಟುಕು ಕೊಟ್ಟವರು ಯಾರು?

ದಯವಿಟ್ಟು ಕಾಗದದಲ್ಲೇ ಉತ್ತರಿಸಿ. ನನಗೂ ಟೆಲಿಫೋನಿಗೂ ಆಗಿಬರುವುದಿಲ್ಲ.

ಹರ್ಮನ್ ಶಿರ್ಮರ್


ಆರ್ಬಸ್ಟ್, ವಿಕ್ಟೋರಿಯಾ
23 ಮಾರ್ಚ್ 1974

ಶ್ರೀ ಶಿರ್ಮರ್ ಅವರಿಗೆ,

ನಿಮ್ಮ ಹಳೆಯ ಜೋಡಿಯ ಸುದ್ದಿ ಓದಿ ಕಾಗದವನ್ನು ಸ್ವಲ್ಪ ಹೊತ್ತು ಮಡಿಲಲ್ಲೇ ಇಟ್ಟುಕೊಂಡಿದ್ದೆ. ಇಲ್ಲಿ ನಮಗೆ ಬಿಸಿಲಿನ ಭಯವಿಲ್ಲ, ಚಳಿ ಮತ್ತು ತೇವದ ಭಯ. ದಕ್ಷಿಣದ ಗಾಳಿ ಎದ್ದರೆ ಸಾಕು, ನೆಲದ ಕಾಳು ಒದ್ದೆಯಾಗಿ ಹಕ್ಕಿಗಳಿಗೆ ಹೊಟ್ಟೆ ಕೆಡುತ್ತದೆ.

ರಾಯ್ ಹೋದ ಮೂರನೆಯ ವಾರ ಸಂಘದ ಕಾರ್ಯದರ್ಶಿ ವರ್ನನ್ ಪೈಕ್ ಮನೆಗೆ ಬಂದು ಕುರ್ಚಿಯ ಅಂಚಿನಲ್ಲಿ ಕೂತ. "ನೋಡು ಎನಿಡ್, ಇವೆಲ್ಲ ಗಂಡಸರ ಹಠದ ಹಕ್ಕಿಗಳು. ಜೀವಂತ ಇರೋವಾಗ್ಲೇ ಕೊಟ್ಬಿಡು, ಆಮೇಲೆ ಯಾರೂ ಕೇಳಲ್ಲ" ಎಂದ. "ಚಹಾ ಆರ್ತಾ ಇದೆ ವರ್ನನ್" ಎಂದೆ. ಅಂದಿನಿಂದ ಸಂಘದಲ್ಲಿ ಯಾರು ಸಿಕ್ಕರೂ ಮೊದಲು ಕೇಳುವುದು ಎಷ್ಟು ಉಳಿದಿವೆ ಎಂದು.

ಎರಡೂ ಮರಿಗಳು ಹೆಣ್ಣೇ. ಗಂಡು ಹೆಣ್ಣಿನ ಬಣ್ಣ ಒಂದೇ, ಸಿಳ್ಳೆ ಹಾಕುವುದು ಗಂಡು ಮಾತ್ರ, ಆದ್ದರಿಂದ ಸಿಳ್ಳೆಗಾಗಿ ಕಾದೆ. ಎರಡೂ ಒಂದು ದಿನವೂ ಸಿಳ್ಳೆ ಹಾಕಿಲ್ಲ. ಒಂದನ್ನು ನಿಮಗೆ ಕೊಡುತ್ತೇನೆ. ಎರಡೂ ನನ್ನ ಕಣ್ಣೆದುರೇ ಬೆಳೆದವು. ದಿನಕ್ಕೆ ಎರಡು ಹೊತ್ತು ಗೆದ್ದಲು ಆರಿಸಿ ಹಾಕಿದ್ದೇನೆ.

ಎನಿಡ್ ಟ್ರೆಂಬಾತ್


ಟನುಂಡ
2 ಏಪ್ರಿಲ್ 1974

ಶ್ರೀಮತಿ ಟ್ರೆಂಬಾತ್ ಅವರಿಗೆ,

ಉಪಕಾರವಾಯಿತು. ಪರವಾನಗಿಯ ಕಾಗದಗಳನ್ನು ಇದರೊಂದಿಗೆ ಇಟ್ಟಿದ್ದೇನೆ.

ನಾನು ಕೇಳಿದ ಒಂದು ಪ್ರಶ್ನೆಗೆ ಉತ್ತರ ಬಂದಿಲ್ಲ. ನಲವತ್ತೊಂದು ವರ್ಷ ದ್ರಾಕ್ಷಾರಸದ ಪೀಪಾಯಿಗಳಿಗೆ ಕಬ್ಬಿಣದ ಬಳೆ ಬಡಿದವನು ನಾನು. ಒಂದು ಹಲಗೆ ಕೆಟ್ಟಿದ್ದರೂ ಪೀಪಾಯಿ ನೋಡಲು ಚೆನ್ನಾಗಿಯೇ ಇರುತ್ತದೆ. ತುಂಬಿದ ಮೇಲೆ ಗೊತ್ತಾಗುತ್ತದೆ. ಆದ್ದರಿಂದ ಮತ್ತೆ ಕೇಳುತ್ತಿದ್ದೇನೆ, ತಪ್ಪು ತಿಳಿಯಬೇಡಿ. ಮರಿಗೆ ಗುಟುಕು ಕೊಟ್ಟವರು ಯಾರು?

ಹ. ಶಿರ್ಮರ್


ಆರ್ಬಸ್ಟ್
9 ಏಪ್ರಿಲ್ 1974

ಶ್ರೀ ಶಿರ್ಮರ್ ಅವರಿಗೆ,

ಅದರ ತಂದೆ ತಾಯಿ.

ಪೆಟ್ಟಿಗೆ ಮಂಗಳವಾರ ಹೊರಡುತ್ತದೆ.

ಎ. ಟ್ರೆಂಬಾತ್


ಟನುಂಡ
8 ಸೆಪ್ಟೆಂಬರ್ 1974

ಎನಿಡ್ ಅವರಿಗೆ,

ಚಳಿಗಾಲ ಕಳೆಯಿತು. ನಿಮ್ಮ ಹುಡುಗಿ ಗುಂಡಗಿದ್ದಾಳೆ. ವಸಂತದ ಮೊದಲ ಹುಲ್ಲು ತೆನೆಗಟ್ಟಿದ ದಿನವೇ ಇಬ್ಬರನ್ನೂ ದೊಡ್ಡ ಹಕ್ಕಿಮನೆಗೆ ಬಿಟ್ಟೆ. ಗೂಡಿಗೆ ಮರೆಯಾಗಲೆಂದು ಹೊಸ ಟೀ-ಟ್ರೀ ಪೊದೆಗಳನ್ನು ಒತ್ತಾಗಿ ನೆಟ್ಟಿದ್ದೇನೆ. ದಿನಾ ಹಾಲುಗಟ್ಟಿದ ಹುಲ್ಲಿನ ತೆನೆ, ಸರ್ವೆ ಮರದ ಕಾಯಿ, ಕೊಳೆತ ಮರದ ದಿಮ್ಮಿ ಒಡೆದು ಗೆದ್ದಲು. ಪಕ್ಕದ ಮನೆಯ ಹಿಲ್ಡಾ ನೋಸ್ಕೆ ಬೇಲಿಯ ಆಚೆಯಿಂದ ನೋಡಿ, "ಶಿರ್ಮರ್, ಹೆಂಡ್ತಿ ಇದ್ದಾಗ ಒಂದು ದಿನ ಆದ್ರೂ ಹೀಗೆ ತಟ್ಟೆ ಜೋಡಿಸಿದ್ರಾ?" ಎಂದಳು.

ಆದರೂ ಮೂರು ವಾರದಿಂದ ಏನೂ ನಡೆದಿಲ್ಲ. ಗಂಡು ಹತ್ತಿರ ಹೋದರೆ ನಿಮ್ಮ ಹುಡುಗಿ ಕೊಂಬೆ ಬದಲಿಸುತ್ತಾಳೆ. ಜಗಳವಿಲ್ಲ, ಭಯವಿಲ್ಲ. ಅಲ್ಲಿ ಯಾರೂ ಇಲ್ಲವೇ ಇಲ್ಲ ಎನ್ನುವಂತೆ. ಇಡೀ ದಿನ ತಂತಿಬಲೆಗೆ ಒತ್ತಿಕೊಂಡು, ಪಕ್ಕದ ಹಕ್ಕಿಮನೆಯಲ್ಲಿರುವ ನನ್ನ ಕಂದು ಎದೆಯ ಮುನಿಯಾ ಹಕ್ಕಿಗಳ ಕಡೆ ಮುಖ ಮಾಡಿ ಕೂತಿರುತ್ತಾಳೆ. ಅಲ್ಲಿ ಬಿಸಿಲು ಹೆಚ್ಚು ಬೀಳುತ್ತದೆ ಎಂದಿರಬೇಕು.

ತಪ್ಪು ನನ್ನ ಜಾಗದ್ದು ಎನಿಸುತ್ತಿದೆ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಹರ್ಮನ್


ಆರ್ಬಸ್ಟ್
20 ಸೆಪ್ಟೆಂಬರ್ 1974

ಹರ್ಮನ್ ಅವರಿಗೆ,

ನಿಮ್ಮ ಜಾಗದಲ್ಲಿ ತಪ್ಪಿದೆ ಎಂದು ನನಗೆ ತೋರುವುದಿಲ್ಲ. ನೀವು ಮಾಡುತ್ತಿರುವುದಕ್ಕಿಂತ ಹೆಚ್ಚು ಯಾರೂ ಮಾಡಲಾರರು.

ಆ ಮುನಿಯಾಗಳನ್ನು ಕಣ್ಣಿಗೆ ಕಾಣದಷ್ಟು ದೂರ ಒಯ್ಯಿರಿ. ದನಿಯೂ ಕೇಳಿಸಬಾರದು. ಕಾರಣ ಕೇಳಬೇಡಿ, ರಾಯ್ ಹೀಗೆ ಮಾಡುತ್ತಿದ್ದರು.

ಗಂಡು ಚೆನ್ನಾಗಿ ಸಿಳ್ಳೆ ಹಾಕುತ್ತಿದೆಯೇ? ಅದರ ಬಗ್ಗೆ ನೀವು ಏನೂ ಬರೆದಿಲ್ಲ.

ಎನಿಡ್


ಟನುಂಡ
3 ಅಕ್ಟೋಬರ್ 1974

ಎನಿಡ್ ಅವರಿಗೆ,

ಮುನಿಯಾಗಳನ್ನು ಹಿಲ್ಡಾಳ ಕೊಟ್ಟಿಗೆಯ ಹಿಂದಕ್ಕೆ ಸಾಗಿಸಿದೆ. ನಿಮ್ಮ ಹುಡುಗಿ ಈಗ ಅವುಗಳ ಖಾಲಿ ಹಕ್ಕಿಮನೆಯ ಕಡೆ ಮುಖ ಮಾಡಿ ಕೂರುತ್ತಾಳೆ.

ನಿಮ್ಮ ಪ್ರಶ್ನೆ ನನ್ನನ್ನು ಎಬ್ಬಿಸಿತು. ಹನ್ನೊಂದು ದಿನ ಬೆಳಿಗ್ಗೆ ಆರರಿಂದ ಎಂಟರವರೆಗೆ ಬಲೆಯ ಪಕ್ಕ ಮುಕ್ಕಾಲಿ ಹಾಕಿಕೊಂಡು ಕೂತೆ. ನನ್ನ ಹಕ್ಕಿ ಒಮ್ಮೆಯೂ ಸಿಳ್ಳೆ ಹಾಕಲಿಲ್ಲ. ಒಂದೇ ಒಂದು ಸಲವೂ ಇಲ್ಲ. ಹೋದ ಬೇಸಿಗೆಯಲ್ಲಿ ಅದು ಕೊಕ್ಕಿನಲ್ಲಿ ಹುಲ್ಲುಕಡ್ಡಿ ಹಿಡಿದು ಕುಣಿದದ್ದನ್ನು ನೋಡಿ ಗಂಡು ಎಂದು ನಿರ್ಧರಿಸಿದ್ದೆ. ಆದರೆ ಎಳೆಯ ಹೆಣ್ಣುಗಳೂ ಆಟಕ್ಕೆ ಹಾಗೆ ಮಾಡುವುದುಂಟು. ಇಪ್ಪತ್ತೆರಡು ವರ್ಷ ಸಾಕಿದವನು ಕಲಿಯುವವನ ತಪ್ಪು ಮಾಡಿದ್ದೇನೆ. ಅದೂ ಹೆಣ್ಣು, ಎನಿಡ್. ಎರಡು ಹೆಣ್ಣುಗಳನ್ನು ಕೂಡಿಹಾಕಿ ಮೊಟ್ಟೆಗೆ ಕಾಯುತ್ತಿದ್ದೆ.

ಹಾಗಾದರೆ ಇದು ಮುಗಿಯಿತು. ಮರ್ರೆ ಬ್ರಿಜ್ಜಿನಲ್ಲಿ ಕೀತ್ ಮ್ಯಾಡರ್ನ್ ಎಂಬಾತ ಪ್ರವಾಸಿಗರಿಗಾಗಿ ಹಕ್ಕಿಗಳ ದೊಡ್ಡ ತೋಟ ಇಟ್ಟಿದ್ದಾನೆ. ಗಿಳಿ, ಪಾರಿವಾಳ, ಎಲ್ಲ ಒಂದೇ ಬಲೆಯೊಳಗೆ. ಚೆಂದದ ಹಕ್ಕಿ ಯಾವುದಾದರೂ ಆಗುತ್ತದೆ ಅವನಿಗೆ. ಎರಡನ್ನೂ ಕೇಳಿದ್ದಾನೆ.

ಹರ್ಮನ್


ಆರ್ಬಸ್ಟ್
8 ಅಕ್ಟೋಬರ್ 1974

ಹರ್ಮನ್ ಅವರಿಗೆ,

ನಿಮ್ಮ ಕಾಗದವನ್ನು ಅಂಗಳದಲ್ಲಿ ನಿಂತೇ ಎರಡು ಸಲ ಓದಿದೆ. ಎರಡು ಹೆಣ್ಣುಗಳಾಗಿದ್ದರೆ ಇಷ್ಟು ದಿನ ನಡೆದದ್ದಕ್ಕೆಲ್ಲ ಅರ್ಥ ಸಿಗುತ್ತದೆ. ಕಷ್ಟದ ಸುದ್ದಿಯೇ, ಆದರೆ ಯಾರ ತಪ್ಪೂ ಅಲ್ಲ. ಬಣ್ಣದಲ್ಲಿ ಭೇದವಿಲ್ಲದ ಹಕ್ಕಿಗಳು. ರಾಯ್ ಕೂಡ ಒಮ್ಮೆ ಎರಡು ಗಂಡುಗಳನ್ನು ಇಡೀ ವರ್ಷ ಜೋಡಿ ಎಂದು ಕರೆದಿದ್ದರು.

ನೀವು ದಣಿದಿದ್ದೀರಿ. ಕೊಟ್ಟುಬಿಡುವುದೇ ಸರಿ ಎನಿಸಿದರೆ ಕೊಡಿ. ನಾನು ಬೇಸರಪಡುವುದಿಲ್ಲ. ಇಲ್ಲಿ ಮಳೆ ನಿಂತು ಬಿಸಿಲು ಬಂದಿದೆ. ಬಹಳ ದಿನಗಳ ಮೇಲೆ ಚೆನ್ನಾಗಿ ನಿದ್ದೆ ಬಂತು.

ಎನಿಡ್


ಟನುಂಡ
13 ಅಕ್ಟೋಬರ್ 1974

ಎನಿಡ್ ಅವರಿಗೆ,

ನಿಮ್ಮ ಒಳ್ಳೆಯ ಮಾತು ತಲುಪಿತು. ಮ್ಯಾಡರ್ನ್ ಹತ್ತೊಂಬತ್ತರ ಶನಿವಾರ ಬೆಳಿಗ್ಗೆ ಪೆಟ್ಟಿಗೆ ತರುತ್ತಾನೆ. ಆಮೇಲೆ ಹಕ್ಕಿಮನೆ ಬಿಚ್ಚಿ, ಆ ಜಾಗದಲ್ಲಿ ಟೊಮೇಟೊ ಹಾಕುತ್ತೇನೆ.

ಹಿಲ್ಡಾಗೆ ಮಾತ್ರ ಇದು ಇಷ್ಟವಿಲ್ಲ. ನಿನ್ನೆ ಬೇಲಿಗೆ ಒರಗಿ, "ಹಕ್ಕಿ ಮಾತು ಆಮೇಲೆ. ಮೊದಲು ಆ ಕೆಟಲ್ ಇಳಿಸಿ ಶಿರ್ಮರ್, ಬೆಳಗಿಂದ ಕುದ್ದು ಕುದ್ದು ಸೀಟಿ ಹೊಡೀತಾ ಇದೆ" ಎಂದಳು. ಒಲೆಯ ಮೇಲೆ ಕೆಟಲೇ ಇರಲಿಲ್ಲ. ವಯಸ್ಸಾಯಿತು ಪಾಪ, ಅವಳಿಗೆ ಇಲ್ಲದ್ದು ಕೇಳುತ್ತದೆ.

ನಿಮ್ಮ ಉಪಕಾರಕ್ಕೆ ಋಣಿ.

ಹರ್ಮನ್


ತಂತಿ
ಆರ್ಬಸ್ಟ್, 17 ಅಕ್ಟೋಬರ್ 1974

ಶನಿವಾರ ಹಕ್ಕಿ ಕೊಡಬೇಡಿ. ಅದು ಗಂಡೇ. ಕೆಟಲ್ ಅಲ್ಲ ಹಕ್ಕಿ. ಹಿಲ್ಡಾ ಅವರನ್ನು ಬಲೆಯ ಪಕ್ಕ ನಿಲ್ಲಿಸಿ. ಕಾಗದ ಬರುತ್ತಿದೆ. ಎನಿಡ್.


ಆರ್ಬಸ್ಟ್
17 ಅಕ್ಟೋಬರ್ 1974

ಹರ್ಮನ್ ಅವರಿಗೆ,

ತಂತಿ ಶನಿವಾರದ ಒಳಗೆ ಕೈ ಸೇರಿರಲಿ. ಅಂಚೆಕಚೇರಿಯಲ್ಲಿ ಮೇಜಿನ ಹಿಂದಿದ್ದ ಹೆಂಗಸು ಓದಿ, "ಇದು ಹೀಗೇ ಹೋಗ್ಬೇಕು ತಾನೆ, ಮಿಸೆಸ್ ಟ್ರೆಂಬಾತ್?" ಎಂದು ಕೇಳಿದಳು.

ಮೊದಲು ನಿಮ್ಮ ವಿಷಯ. ರಾಯ್ ಮೂವತ್ತು ವರ್ಷ ಮರದ ಮಿಲ್ಲಿನಲ್ಲಿ ಗರಗಸದ ಪಕ್ಕ ನಿಂತವರು. ಕೊನೆಯ ಐದು ವರ್ಷ ನನ್ನ ಮಾತು ಅವರಿಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು, ರೇಡಿಯೊ ಕೇಳಿಸುತ್ತಿತ್ತು. ಕೆಂಬಾಲದ ಸಿಳ್ಳೆ ಮಾತ್ರ ಕೇಳಿಸುತ್ತಿರಲಿಲ್ಲ. ಅದು ತೀರ ಎತ್ತರದ, ತೆಳ್ಳನೆಯ ದನಿ. ಕಬ್ಬಿಣದ ಸದ್ದು ಮೊದಲು ತಿನ್ನುವುದು ಅದನ್ನೇ, ನೀವೂ ಪೀಪಾಯಿಯ ಬಳೆ ಬಡಿದವರು. ಅವರು ಯಾರಿಗೂ ಹೇಳಲಿಲ್ಲ. ಬೆಳಿಗ್ಗೆ ನನ್ನನ್ನು ಕರೆದುಕೊಂಡು ಹೋಗಿ, ಸುಮ್ಮನೆ ಎನ್ನುವಂತೆ, "ಯಾವುದು ಹಾಡ್ತಾ ಇದೆ ಅಂತ ಗೊತ್ತಾಯ್ತಾ?" ಎಂದು ನನ್ನನ್ನೇ ಪರೀಕ್ಷಿಸುವವರಂತೆ ಕೇಳುತ್ತಿದ್ದರು. ನಿಮಗೆ ಟೆಲಿಫೋನ್ ಆಗಿಬರುವುದಿಲ್ಲ ಎಂದಾಗಲೇ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ, ಯಾಕೆಂದರೆ ನಿಮ್ಮ ಹಕ್ಕಿ ಹೆಣ್ಣಾಗಿರುವುದು ನನಗೆ ಬೇಕಾಗಿತ್ತು.

ಈಗ ನನ್ನ ವಿಷಯ. ಹೋದ ನವೆಂಬರಿನಲ್ಲಿ ರಾಯ್ ಅವರ ಜೋಡಿ ಮೊದಲ ಸಲ ಒಂದೇ ಮರಿ ಬೆಳೆಸಿತು. ಎರಡನೆಯ ಸಲ ಮೂರು ಮೊಟ್ಟೆ ಇಟ್ಟು, ಆರನೆಯ ದಿನ ಚಳಿಗಾಳಿಗೆ ಗೂಡು ಬಿಟ್ಟಿತು. ನಾನು ಮೊಟ್ಟೆಗಳನ್ನು ಬಾಯಿಯ ಹಬೆಯಲ್ಲಿ ಬೆಚ್ಚಗೆ ಮಾಡಿಕೊಂಡು ಹೋಗಿ ಬೆಂಗಲೀಸ್ ಕೆಳಗೆ ಇಟ್ಟೆ. ಒಂದು ಉಳಿಯಿತು. ಎಷ್ಟು ಉಳಿದಿವೆ ಎಂದು ಕೇಳುವವರಿಗೆ ಮರಿ ಒಂದಲ್ಲ, ಎರಡು ಎಂದು ಹೇಳಬೇಕಿತ್ತು ನನಗೆ.

ನೀವು ಕೇಳಿದಾಗ ಎರಡೂ ಒಂದೇ ಕೊಂಬೆಯ ಮೇಲೆ ಕೂತಿದ್ದವು. ನನಗೆ ಯಾವುದು ಯಾವುದೆಂದು ಗೊತ್ತಿತ್ತು. ಹೆತ್ತವರು ಬೆಳೆಸಿದ್ದನ್ನು ಇಟ್ಟುಕೊಂಡು ಇನ್ನೊಂದನ್ನು ನಿಮಗೆ ಕಳಿಸಿದೆ. ನಿಮ್ಮ ಮುನಿಯಾಗಳು ಬೆಂಗಲೀಸಿನ ಹತ್ತಿರದ ಬಳಗ. ಅವಳು ಬಿಸಿಲಿಗಾಗಿ ಅಲ್ಲಿ ಕೂರುತ್ತಿರಲಿಲ್ಲ.

ರಾಯ್ ಮುನಿಯಾಗಳನ್ನು ಸಾಕಿಯೇ ಇರಲಿಲ್ಲ.

ಒಳ್ಳೆಯ ಹೆಣ್ಣು ಇಲ್ಲಿದೆ. ನೀವು ಹೇಳಿದ ದಿನ ಕಳಿಸುತ್ತೇನೆ. ನನ್ನ ಮಾತಿನ ಮೇಲೆ ಇನ್ನು ನಂಬಿಕೆ ಇಡಿ ಎಂದು ಕೇಳಲಾರೆ.

ಎನಿಡ್ ಟ್ರೆಂಬಾತ್


ಟನುಂಡ
24 ಅಕ್ಟೋಬರ್ 1974

ಶ್ರೀಮತಿ ಟ್ರೆಂಬಾತ್ ಅವರಿಗೆ,

ತಂತಿ ಶುಕ್ರವಾರ ಮಧ್ಯಾಹ್ನ ಬಂತು. ಶನಿವಾರ ಬೆಳಿಗ್ಗೆ ಹಿಲ್ಡಾಳನ್ನು ಮುಕ್ಕಾಲಿಯ ಮೇಲೆ ಕೂರಿಸಿ, ಕೆಟಲ್ ಕೂಗಿದಾಗಲೆಲ್ಲ ಕೈ ಎತ್ತು ಎಂದೆ. ನಾನು ಹಕ್ಕಿಯನ್ನು ನೋಡುತ್ತಾ ನಿಂತೆ. ಅದು ಕುತ್ತಿಗೆ ನಿಮಿರಿಸಿ ಕೊಕ್ಕು ತೆರೆಯುತ್ತಿತ್ತು, ಅವಳ ಕೈ ಮೇಲೇಳುತ್ತಿತ್ತು. ಹದಿನೇಳು ಸಲ. ಹನ್ನೊಂದು ದಿನ ನನ್ನ ಮುಖಕ್ಕೆ ಮೂರು ಅಡಿ ದೂರದಲ್ಲಿ ಅದು ಹಾಡಿದೆ. ನಾನು ಅದನ್ನು ಹೆಣ್ಣು ಎಂದು ಬರೆದುಕೊಂಡೆ.

ಅಷ್ಟರಲ್ಲಿ ಮ್ಯಾಡರ್ನ್ ಪೆಟ್ಟಿಗೆ ಹಿಡಿದು ಬಂದ. ಹಿಲ್ಡಾ ನನಗಿಂತ ಮೊದಲೇ ಬಾಗಿಲಿಗೆ ಹೋಗಿ, "ಇವರ ಕಿವಿ ಬೇಕಾದ್ರೆ ತಗೊಂಡು ಹೋಗಪ್ಪ, ಹಕ್ಕಿ ಇಲ್ಲ" ಎಂದಳು.

ಕಿವಿಯ ವಿಷಯ ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಹಕ್ಕಿಗಳು ಮೊದಲಿನಷ್ಟು ಹಾಡುವುದಿಲ್ಲ ಎಂದುಕೊಂಡು ನಾಲ್ಕು ವರ್ಷ ತಳ್ಳಿದೆ. ಅದು ನನ್ನ ಪಾಲಿನದು. ನಿಮ್ಮ ಪಾಲಿನದನ್ನು ನಾನು ಹಗುರ ಮಾಡುವುದಿಲ್ಲ. ನಾನು ಒಂದೇ ಪ್ರಶ್ನೆ ಕೇಳಿದ್ದೆ, ಎರಡು ಸಲ.

ಒಳ್ಳೆಯ ಹೆಣ್ಣನ್ನು ಕಳಿಸಬೇಡಿ. ಇಲ್ಲಿ ಇನ್ನೊಂದು ಬೇಸಿಗೆ ಬರುತ್ತಿದೆ, ನನ್ನ ಗೋಣಿಗಳ ಮೇಲೆ ನನಗೆ ನಂಬಿಕೆ ಇಲ್ಲ. ಗಂಡನ್ನೇ ಕಳಿಸುತ್ತಿದ್ದೇನೆ. ಬುಧವಾರ ಮೆಲ್ಬರ್ನ್ ಸ್ಟೇಷನ್ನಿಗೆ ಖುದ್ದು ಹೋಗಿ ಇಳಿಸಿಕೊಳ್ಳಿ. ನಿಮ್ಮ ಹುಡುಗಿಯನ್ನು ಮುನಿಯಾಗಳ ಜೊತೆ ಬಿಟ್ಟಿದ್ದೇನೆ. ಅವಳದೇನೂ ತಪ್ಪಿಲ್ಲ. ಅಲ್ಲಿ ಒಂದರ ಪಕ್ಕ ಒತ್ತಿಕೊಂಡು ಕೂತಿದ್ದಾಳೆ.

ಮೊಟ್ಟೆ ಇಟ್ಟರೆ, ಏನೇ ಆಗಲಿ, ಎತ್ತಬೇಡಿ. ಸಾಯುವುದಿದ್ದರೆ ಕೆಂಬಾಲವಾಗಿಯೇ ಸಾಯಲಿ. ಕ್ಷಮೆಯ ಕಾಗದ ಬರೆಯಬೇಡಿ. ನಡೆದದ್ದನ್ನು ಮಾತ್ರ ಬರೆಯಿರಿ.

ಹ. ಶಿರ್ಮರ್


ಆರ್ಬಸ್ಟ್
12 ಡಿಸೆಂಬರ್ 1974, ಮಧ್ಯಾಹ್ನ

ಶ್ರೀ ಶಿರ್ಮರ್ ಅವರಿಗೆ,

ಹಕ್ಕಿಮನೆಯೊಳಗೆ, ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತು ಬರೆಯುತ್ತಿದ್ದೇನೆ. ಕೈಗಳಿಗೆ ಏನಾದರೂ ಕೆಲಸ ಬೇಕು.

ನಡೆದದ್ದು ಇಷ್ಟು. ಗಂಡು ಬಂದ ಹತ್ತನೆಯ ದಿನ ಅವು ಜೋಡಿಯಾದವು. ಟೀ-ಟ್ರೀಯಲ್ಲಿ ಮಲಗಿಸಿದ ಸೀಸೆಯಂಥ ಹುಲ್ಲಿನ ಗೂಡು, ಉದ್ದ ಕೊರಳು. ಐದು ಮೊಟ್ಟೆ. ಇವತ್ತಿಗೆ ಒಂಬತ್ತು ದಿನ ಎರಡೂ ಸರದಿಯಲ್ಲಿ ಕಾವು ಕೊಟ್ಟಿದ್ದವು. ಮರಿಯಾದ ಮೇಲೆ ಬರೆಯೋಣ ಎಂದಿದ್ದೆ.

ಒಂದೂವರೆಗೆ ದಕ್ಷಿಣದ ಗಾಳಿಯೊಂದಿಗೆ ಆಲಿಕಲ್ಲು ಬಿತ್ತು. ತಗಡಿನ ಮೇಲೆ ಆ ಸದ್ದಿಗೆ ಹೆಣ್ಣು ಗೂಡಿನಿಂದ ಬಾಣದಂತೆ ಹೊರಬಂದು ಬಲೆಗೆ ಬಡಿಯಿತು. ಗಾಯವಾಗಿಲ್ಲ. ಆದರೆ ಮೇಲಿನ ಮೂಲೆಯಲ್ಲಿ ಮುದುರಿಕೊಂಡು ಕೂತಿದೆ, ಇಳಿಯುತ್ತಿಲ್ಲ. ಗಂಡು ಎಲ್ಲೋ ಹುಲ್ಲಿನಲ್ಲಿ ಅಡಗಿದೆ.

ಎರಡು ಗಂಟೆ. ಆಲಿಕಲ್ಲು ನಿಂತಿದೆ. ನನ್ನ ಉಸಿರು ಹೊಗೆಯಂತೆ ಕಾಣುವಷ್ಟು ಚಳಿ. ಹೆಣ್ಣು ಅಲ್ಲಿಯೇ ಇದೆ.

ಇದನ್ನೂ ಹೇಳಬೇಕು. ಬೆಂಗಲೀಸುಗಳನ್ನು ನಾನು ಯಾರಿಗೂ ಕೊಟ್ಟಿಲ್ಲ. ಇಲ್ಲಿಂದ ಎಂಟು ಹೆಜ್ಜೆ ದೂರದಲ್ಲಿ ಒಂದು ಜೋಡಿ ಗೊಡ್ಡು ಮೊಟ್ಟೆಗಳ ಮೇಲೆ ಬೆಚ್ಚಗೆ ಕೂತಿದೆ. ಎರಡು ನಿಮಿಷದ ಕೆಲಸ. ಐದೂ ಉಳಿಯಬಹುದು. ನೀವು ಟನುಂಡದಲ್ಲಿದ್ದೀರಿ, ಕಾಗದದಲ್ಲಿ ಏನು ಬರೆದರೂ ನಿಮಗೆ ಅದೇ ನಿಜ. ಇದು ನಿಮ್ಮ ಸಂತತಿಯ ಕೊನೆಯ ಗಂಡು, ಇನ್ನೊಂದು ಸಲ ಮೊಟ್ಟೆ ಆಗುತ್ತದೋ ಇಲ್ಲವೋ.

ಎರಡು ಹದಿನೈದು. ಎದ್ದು ಗೂಡಿನ ಹತ್ತಿರ ಹೋಗಿದ್ದೆ. ಕೊರಳಿನೊಳಗೆ ಬೆರಳು ಹಾಕಿದೆ. ಮೊಟ್ಟೆಗಳು ಇನ್ನೂ ಪೂರ್ತಿ ತಣ್ಣಗಾಗಿಲ್ಲ. ಬೆರಳು ತೆಗೆದು ಮತ್ತೆ ಬಕೆಟ್ಟಿನ ಮೇಲೆ ಕೂತಿದ್ದೇನೆ. ಮುಟ್ಟಿದೆ, ಎತ್ತಲಿಲ್ಲ. ಹೇಗಿದೆಯೋ ಹಾಗೆ ಬರೆಯುತ್ತಿದ್ದೇನೆ.

ಎರಡು ಇಪ್ಪತ್ತು. ಗಂಡು ಹುಲ್ಲಿನಿಂದ ಹೊರಗೆ ಬಂದ. ಗೂಡಿನ ಕೆಳಗಿನ ಕೊಂಬೆಯಲ್ಲಿ ಕೂತು ಸಿಳ್ಳೆ ಹಾಕುತ್ತಿದ್ದಾನೆ. ನಿಮಗಾಗಿ ಎಣಿಸಿದೆ, ಒಂಬತ್ತು. ಹೆಣ್ಣು ಓಗೊಡಲಿಲ್ಲ. ನನ್ನನ್ನು ನೋಡಿದ. ನಾನು ಅಲುಗಲಿಲ್ಲ.

ಎರಡು ಇಪ್ಪತ್ತಾರು. ಗೂಡಿನೊಳಗೆ ಹೋದ.

ಎರಡು ಐವತ್ತು. ಹೊರಗೆ ಬಂದಿಲ್ಲ. ಮೊಟ್ಟೆಗಳಲ್ಲಿ ಜೀವ ಉಳಿದಿದೆಯೋ ಹೇಳಲಾರೆ. ಸಂಜೆಯ ಅಂಚೆಗೆ ಇದನ್ನು ಹಾಕಬೇಕಾದರೆ ನಾನೀಗ ಏಳಬೇಕು. ಈಗಷ್ಟೇ ಹೆಣ್ಣು ಇಳಿದು ಗೂಡಿನ ಬಾಯಿಯವರೆಗೆ ಬಂತು, ಕುತ್ತಿಗೆ ಚಾಚಿ ಇಣುಕಿತು, ಜಾಗ ತುಂಬಿರುವುದನ್ನು ಕಂಡು ಕಾಳು ತಿನ್ನಲು ಹೋಯಿತು.

ಎನಿಡ್